ಮೆಲ್ಬರ್ನ್ ಹಿತ್ತಲಿನಲ್ಲಿ ಚರಗ

ಎಳ್ಳ ಅಮಾವಾಸ್ಯೆಗೆ ಅಡುಗೆಗಿಂತ ಮೊದಲು ಬೇಕಾದುದು ನಿಂತ ಬೆಳೆ. ಪರದೇಶದಲ್ಲಿ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ಶೇಂಗಾ ಹೋಳಿಗೆ ಉಂಡು ಹಬ್ಬವಾಯಿತೆನ್ನುವುದು ಸಿಂದಗಿ ಕಡೆಯ ಒಕ್ಕಲು ಮನೆಯಲ್ಲಿ ಬೆಳೆದ ನನಗೆ ಒಗ್ಗುವುದಿಲ್ಲ.

1997ಕ್ಕೆ ಮುಂಚೆ, ಬಾಗಲಕೋಟೆಯೂ ವಿಜಾಪುರ ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ, ನಮ್ಮ ಎರೆಹೊಲದ ಹಿಂಗಾರಿ ಬಿಳಿಜೋಳವು ನೆಲದ ಹಸಿಯನ್ನೇ ನೆಚ್ಚಿಕೊಂಡು ಬೆಳೆದು, ಮಾರ್ಗಶಿರದ ಅಮಾವಾಸ್ಯೆಯ ಹೊತ್ತಿಗೆ ತೆನೆ ಬಿಡುತ್ತಿತ್ತು. ಭೂತಾಯಿ ಬಸುರಿ, ಅವಳ ಬಯಕೆ ತೀರಿಸಬೇಕೆಂದು ಅವ್ವ ಹಿಂದಿನ ದಿನದಿಂದಲೇ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿಗಳ ಬುಟ್ಟಿ ತುಂಬುತ್ತಿದ್ದಳು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿದ ಮೇಲೆ, ಮುತ್ಯಾ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ, 'ಹುಲ್ಲುಲ್ಲಿಗೋ' ಎಂದು ಕೂಗುತ್ತ ಹೊಲದ ಸುತ್ತ ಚೆಲ್ಲುತ್ತಿದ್ದ, ಇದೇ ಚರಗ. ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ಬರುವ ಹುಡುಗರು ದನಿಗೂಡಿಸಬೇಕು. ಚರಗ ಮುಗಿಯುವ ತನಕ ಊಟವಿಲ್ಲ, ಹಸಿವೆಯಾಗಿದೆ ಎಂದವನಿಗೆ ಮುತ್ಯಾನ ಬೈಗುಳವೇ ಗತಿ.

ಈಗ ನಾನಿರುವ ಮೆಲ್ಬರ್ನ್‌ಗೆ ಊರಿನ ಬಿತ್ತನೆ ಜೋಳವನ್ನು ಜೇಬಿನಲ್ಲಿಟ್ಟು ತರುವಂತಿಲ್ಲ, ಆಸ್ಟ್ರೇಲಿಯಾದ ವಿಮಾನ ನಿಲ್ದಾಣಗಳಲ್ಲಿ ಬೀಜಗಳ ತಪಾಸಣೆ ಬಹಳ ಬಿಗಿ. ಆದ್ದರಿಂದ ಸಾಕಿದ ಹಕ್ಕಿಗಳಿಗೆ ಹಾಕುವ ಕಾಳಿನ ಚೀಲ ಕೊಂಡು, ಅದರಲ್ಲಿದ್ದ ಕೆಂಪು ಜೋಳವನ್ನು ಆರಿಸಿ, ಅಕ್ಟೋಬರಿನಲ್ಲಿ ಹಿತ್ತಲಲ್ಲಿ ಬಿತ್ತಿದೆ. ಕ್ವೀನ್ಸ್‌ಲ್ಯಾಂಡ್ ಕಡೆ ಜೋಳ ಬೇಸಿಗೆಯ ಬೆಳೆ. ಇಲ್ಲಿಯ ಬೇಸಿಗೆ ಡಿಸೆಂಬರಿನಲ್ಲೇ ಬರುವುದರಿಂದ ನಮ್ಮ ಪಂಚಾಂಗಕ್ಕೂ ಈ ನೆಲಕ್ಕೂ ಅನಿರೀಕ್ಷಿತವಾಗಿ ಹೊಂದಾಣಿಕೆಯಾಯಿತು.

2024ರ ಡಿಸೆಂಬರ್ 30, ಸೋಮವಾರ ಅಮಾವಾಸ್ಯೆ. ಅಂಗಡಿಯ ಹಳೆಯ ಹಿಟ್ಟಿನಲ್ಲಿ ಜಿಗಿಯೇ ಇರಲಿಲ್ಲ. ಕುದಿಯುವ ಎಸರು ಹಾಕಿ ನಾದಿದರೂ ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತಿತ್ತು, ಹೆಂಡತಿ ಒದ್ದೆ ಬೆರಳಿನಿಂದ ಒತ್ತಿ ಒತ್ತಿ ಕೂಡಿಸಿದಳು. ಬನ್ನಿಯಿಲ್ಲದ್ದರಿಂದ ನಿಂಬೆ ಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜಿಸಿ, ಸೊಂಟದೆತ್ತರದ ಜೋಳದ ಸುತ್ತ ಚರಗ ಚೆಲ್ಲಿದೆವು. ಇಳಿದು ಬಂದ ಹಕ್ಕಿಗಳು, ಚೀಲದ ಕಾಳಿಗೆ ಮೊದಲ ಹಕ್ಕುದಾರರು ತಾವೇ ಎಂಬಂತೆ, ಕಡಬನ್ನೂ ಬಿಡಲಿಲ್ಲ.

ಇಲ್ಲಿ ಮಧ್ಯಾಹ್ನವಾದಾಗ ಊರಿನಲ್ಲಿ ಬೆಳಗಾಗುತ್ತಿತ್ತು. ಹೊಲಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದ ಕಾಕಾ ಫೋನಿನಲ್ಲಿ ನನ್ನ ಬೆಳೆಯನ್ನು ನೋಡಿ, ಹಬ್ಬದ ಮಾತೇ ಆಡದೆ, "ಭಾಳ ದಟ್ಟ ಬಿತ್ತೀಯಲ್ಲೋ, ನಡುವಿನವು ಕಿತ್ತ ಹಾಕು, ಇಲ್ಲಂದ್ರ ತೆನಿ ಸಣ್ಣ ಆಗ್ತಾವ" ಎಂದ.