ಪುರಾವೆಯಿಲ್ಲದೆ ದೇವರನ್ನು ನಂಬಬಹುದೇ?

ತತ್ತ್ವಶಾಸ್ತ್ರ ಓದುವ, ದೇವರನ್ನೂ ನಂಬುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ಪುರಾವೆ ಕೊಡಲಾಗದ್ದನ್ನು ನಂಬುವುದು ತಪ್ಪಲ್ಲವೇ?"

ಹೌದು, ತಪ್ಪು ಎಂದವರಲ್ಲಿ ಇಂಗ್ಲೆಂಡಿನ ಗಣಿತಜ್ಞ, ತತ್ತ್ವಚಿಂತಕ ಡಬ್ಲ್ಯು. ಕೆ. ಕ್ಲಿಫರ್ಡ್ ಪ್ರಮುಖ. 1877ರಲ್ಲಿ ಆತ ಒಂದು ಹಡಗಿನ ಕಥೆ ಹೇಳಿದ. ಹಡಗು ಹಳೆಯದು, ದುರಸ್ತಿಯಾಗಬೇಕೇನೋ ಎಂಬ ಅನುಮಾನ ಮಾಲೀಕನಿಗೇ ಇತ್ತು. ಆದರೆ ದುರಸ್ತಿಗೆ ದುಡ್ಡು ಬೇಕು. ಇಷ್ಟು ಸಲ ಹೋಗಿಬಂದ ಹಡಗು ಈ ಸಲವೂ ಬಂದೇ ಬರುತ್ತದೆ, ಮೇಲೆ ದೈವವಿದೆ ಎಂದು ತನ್ನ ಮನಸ್ಸನ್ನು ಒಪ್ಪಿಸಿಕೊಂಡ. ವಲಸಿಗರು ತುಂಬಿದ್ದ ಹಡಗು ನಡುಗಡಲಲ್ಲಿ ಮುಳುಗಿತು. ಅವನು ವಿಮೆಯ ಹಣ ಪಡೆದು ಸುಮ್ಮನಾದ.

ಆ ಮಾಲೀಕನ ಮೇಲೆ ನನಗೂ ಸಿಟ್ಟು ಬರುತ್ತದೆ. ಆದರೂ ಸಾಕಷ್ಟು ಪುರಾವೆಯಿಲ್ಲದೆ ಏನನ್ನೂ ನಂಬಕೂಡದೆಂಬ ಕ್ಲಿಫರ್ಡ್ ತೀರ್ಮಾನವನ್ನು ಒಪ್ಪಲಾರೆ. ಒಮ್ಮೆ ಹುಡುಗನೊಬ್ಬ ಏರೋಪ್ಲೇನ್ ಚಿಟ್ಟೆ ಹಿಡಿದು ಒಂದೊಂದೇ ರೆಕ್ಕೆ ಕೀಳುತ್ತಿದ್ದ. ಮೂರನೆಯದಕ್ಕೆ ಬೆರಳು ಹಾಕಿದಾಗ "ಬಿಡು!" ಎಂದು ಕೂಗಿದೆ. ಅದು ತಪ್ಪೆಂದು ನನಗೆ ಗೊತ್ತಿತ್ತು. ಯಾವ ಪುರಾವೆಯಿಂದ ಎಂದರೆ ಇಂದಿಗೂ ಹೇಳಲಾರೆ. ಕಣ್ಣನ್ನು, ನೆನಪನ್ನು ನಂಬುವುದೂ ಹೀಗೆಯೇ. ವೇದವನ್ನೇ ಆಧಾರವಾಗಿಟ್ಟುಕೊಂಡ ಭಾರತೀಯ ದರ್ಶನದವರಾದ ಮೀಮಾಂಸಕರು ಇದನ್ನು ಸ್ವತಃಪ್ರಾಮಾಣ್ಯ ಎಂದರು: ಬಾಧಕವೊಂದು, ಅಂದರೆ ಅದನ್ನು ಸುಳ್ಳೆಂದು ತೋರಿಸುವಂಥದ್ದು, ಎದುರಾಗುವವರೆಗೆ ಅರಿವು ತಾನಾಗಿಯೇ ಪ್ರಮಾಣ. ತರ್ಕಕ್ಕೆ ಒತ್ತು ಕೊಟ್ಟ ನ್ಯಾಯ ದರ್ಶನದವರು, ನೈಯಾಯಿಕರು, ಇದನ್ನು ಒಪ್ಪಲಿಲ್ಲ. ನಾನು ಮೀಮಾಂಸಕರ ಕಡೆ, ಅವರು ಸೃಷ್ಟಿಕರ್ತನನ್ನು ಒಪ್ಪಲಿಲ್ಲವೆಂಬುದು ಗೊತ್ತಿದ್ದೂ.

ಬಾಧಕ ಬಂದಾಗ ಮುಖ ತಿರುಗಿಸಿದರೆ ಮಾತ್ರ ಶ್ರದ್ಧೆ ತಪ್ಪಾಗುತ್ತದೆ. ಮಾಲೀಕ ಮಾಡಿದ್ದು ಅದನ್ನೇ. ಆ ಬಾಧಕಗಳಲ್ಲಿ ನೈತಿಕ ಅಂತಃಪ್ರಜ್ಞೆಯಷ್ಟು, ಅಂದರೆ ಇದು ತಪ್ಪೆಂದು ಒಳಗಿನಿಂದಲೇ ನೇರವಾಗಿ ತಿಳಿಯುವ ಅರಿವಿನಷ್ಟು, ಗಟ್ಟಿಯಾದದ್ದು ಇನ್ನೊಂದಿಲ್ಲ. ಬೈಬಲ್ಲಿನ ಕಥೆಯಲ್ಲಿ ಮಗನನ್ನು ಬಲಿ ಕೊಡು ಎಂಬ ದನಿಗೆ ಅಬ್ರಹಾಂ ಹೇಳಬೇಕಿದ್ದ ಉತ್ತರವನ್ನು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1798ರಲ್ಲಿ ಬರೆದ: ಮಗನನ್ನು ಕೊಲ್ಲಬಾರದೆಂಬುದು ಖಚಿತ, ನೀನು ದೇವರೆಂಬುದು ಖಚಿತವಲ್ಲ.

ಅಂತಃಪ್ರಜ್ಞೆಯೂ ಎಡವುತ್ತದೆ, ನಿಜ. ಗುಲಾಮರನ್ನು ಇಟ್ಟುಕೊಂಡವರಿಗೆ ಗುಲಾಮಗಿರಿ ಸಹಜವೆಂದೇ ತೋರುತ್ತಿತ್ತು. ಆದರೆ ಹಾಗೆ ತೋರುವುದರಲ್ಲಿ ಅವರಿಗೆ ಲಾಭವಿತ್ತು, ಹಡಗಿನ ಮಾಲೀಕನಿಗಿದ್ದ ಹಾಗೆ. ಚಿಟ್ಟೆಯನ್ನು ಬಿಡಿಸಿದ್ದರಿಂದ ನನಗೇನೂ ದಕ್ಕಲಿಲ್ಲ.

ಮಗುವನ್ನು ಕಳೆದುಕೊಂಡ ತಾಯಿಯೊಬ್ಬರಿಗೆ ನನ್ನ ಎದುರಿನಲ್ಲೇ ಯಾರೋ "ಇದು ದೇವರ ಶಿಕ್ಷೆ" ಎಂದರು. ಆಕೆ ಮಗುವಿನ ಕಾಲುಚೀಲವೊಂದನ್ನು ಮಡಚುತ್ತಾ, ಬಿಚ್ಚುತ್ತಾ ಕುಳಿತಿದ್ದರು. ನೋವೆಲ್ಲ ಶಿಕ್ಷೆಯೆಂದು ಅಲ್ಲಿಯವರೆಗೆ ನಾನೂ ನಂಬಿದ್ದೆ. ಸುಖವಾಗಿದ್ದವನಿಗೆ ಹಿತವಾದ ನಂಬಿಕೆ ಅದು. ಅಂದು ಅದನ್ನು ಬಿಟ್ಟೆ. ಆ ಮಗು ಏಕೆ ಸತ್ತಿತು ಎಂಬ ಪ್ರಶ್ನೆ ನನ್ನ ಶ್ರದ್ಧೆಯ ಮುಂದೆ ಇನ್ನೂ ನಿಂತಿದೆ. ಅದನ್ನು ಆಚೆಗೆ ಸರಿಸದೆಯೇ ಪ್ರಾರ್ಥಿಸುತ್ತೇನೆ.