ರೇಜರ್ ಬೇಡ ಅಂದರೆ ಸಾಲದು, ಯಾಕೆ ಅಂತಲೂ ಹೇಳಬೇಕು

ನಾನು ಇನ್ಫೆಕ್ಷನ್ ಕಂಟ್ರೋಲ್ ನರ್ಸ್. ಆಪರೇಷನ್ ಆದ ಗಾಯದಲ್ಲಿ ಕೀವು ಆಗದ ಹಾಗೆ ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ಕೆಲಸ. ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸಿದರೆ ಹಾಜರಾತಿ ಪುಸ್ತಕ ತುಂಬುತ್ತದೆ, ಅಷ್ಟೇ. ಸರ್ಜನ್‌ಗೂ ಕ್ಲೀನಿಂಗ್‌ನವರಿಗೂ ಒಂದೇ ಪಾಠ ಹೇಗೆ ಸಾಕಾಗುತ್ತದೆ? ಅದಕ್ಕೇ ಈಗ ಯಾರು ಯಾವ ಕೆಲಸ ಮಾಡುತ್ತಾರೋ ಅವರಿಗೆ ಅದನ್ನಷ್ಟೇ, ಆ ಕೆಲಸ ನಡೆಯುವ ಜಾಗದಲ್ಲೇ ಹೇಳಿಕೊಡುತ್ತೇನೆ.

ಆಪರೇಷನ್‌ಗೆ ಮುಂಚೆ ಕೊಯ್ಯುವ ಜಾಗದ ಕೂದಲು ತೆಗೆಯುವುದನ್ನೇ ನೋಡಿ. ಹಿಂದಿನ ರಾತ್ರಿಯೇ ರೇಜರ್‌ನಲ್ಲಿ ನುಣ್ಣಗೆ ಶೇವ್ ಮಾಡಿದರೆ ಅಚ್ಚುಕಟ್ಟಾದ ಕೆಲಸ ಅಂತ ಬಹಳ ಜನ ನಂಬಿದ್ದಾರೆ. ಆದರೆ ರೇಜರ್ ಚರ್ಮದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬಿಡುತ್ತದೆ. ಬೆಳಗಾಗುವಷ್ಟರಲ್ಲಿ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯಬಹುದು. ಕೂದಲನ್ನು ಹಾಗೇ ಬಿಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ (ಕೂದಲು ಕತ್ತರಿಸುವ ಮಷೀನ್) ಬಳಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ. ‘ರೇಜರ್ ಬೇಡ’ ಎಂದು ಸುಮ್ನೆ ಪೋಸ್ಟರ್ ಅಂಟಿಸಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಾರಣ ವಿವರಿಸಿದ ಮೇಲೆ ವಾರ್ಡ್ ಸಹಾಯಕರೊಬ್ಬರು, “ಸಿಸ್ಟರ್, ಕ್ಲಿಪ್ಪರ್‌ನಲ್ಲಿ ಚಾರ್ಜೇ ಇರಲ್ಲ, ನಾವೇನು ಮಾಡೋದು?” ಎಂದರು. ನ್ಯಾಯವಾದ ಪ್ರಶ್ನೆ ಅಲ್ವಾ? ಇನ್ನೊಂದು ಚಾರ್ಜರ್ ತರಿಸಿಕೊಡುವುದೂ ತರಬೇತಿಗೇ ಸೇರಿದ್ದು ಅಂತ ನನ್ನ ಲೆಕ್ಕ.

ಸೋಂಕು ಬಾರದಿರಲಿ ಅಂತ ಆಪರೇಷನ್‌ಗೆ ಮೊದಲೇ ಕೊಡುವ ಆಂಟಿಬಯಾಟಿಕ್ ವಿಷಯದಲ್ಲಿ ಗೊಂದಲ ಬೇರೆ ಥರ. ಓಟಿಯಲ್ಲಿ (ಆಪರೇಷನ್ ಥಿಯೇಟರ್) ಕೊಡುತ್ತಾರೆ ಅಂತ ವಾರ್ಡ್‌ನವರು, ವಾರ್ಡ್‌ನಲ್ಲೇ ಆಗಿರುತ್ತದೆ ಅಂತ ಓಟಿಯವರು. ಸೆಫಜೋಲಿನ್‌ನಂಥ ಔಷಧವನ್ನು ಕೊಯ್ಯುವುದಕ್ಕೆ ಮುಂಚಿನ 60 ನಿಮಿಷದೊಳಗೆ ಕೊಡುವುದು ರೂಢಿ. ವಾರ್ಡ್‌ನಲ್ಲಿ ಕೊಟ್ಟು, ಓಟಿ ಖಾಲಿಯಿಲ್ಲ ಅಂತ ಪೇಷೆಂಟ್ ಎರಡು ಗಂಟೆ ಕಾದರೆ ಆ ಲೆಕ್ಕವೇ ತಪ್ಪಿತು. ಕತ್ತಿ ಹಿಡಿಯುವ ಮೊದಲು “ಆಂಟಿಬಯಾಟಿಕ್ ಆಯ್ತಾ?” ಎಂದು ಗಟ್ಟಿಯಾಗಿ ಕೇಳುವುದು ಸರ್ಜಿಕಲ್ ಸೇಫ್ಟಿ ಚೆಕ್‌ಲಿಸ್ಟ್‌ನಲ್ಲೇ ಇದೆ. ಕಿರಿಯ ನರ್ಸ್‌ಗಳಿಗೆ ಅದನ್ನು ಕೇಳುವ ಧೈರ್ಯ ತುಂಬುವುದೇ ಜಾಸ್ತಿ ಕಷ್ಟ. ಆಪರೇಷನ್ ಮುಗಿದ ಮೇಲೂ ‘ಇರಲಿ’ ಅಂತ ದಿನಗಟ್ಟಲೆ ಆಂಟಿಬಯಾಟಿಕ್ ಮುಂದುವರಿಸುವ ಅಭ್ಯಾಸ ಬಿಡಿಸುವುದು ಇನ್ನೂ ಕಷ್ಟ. ಆ ಪಾಠ ಡಾಕ್ಟರುಗಳಿಗೆ!

ಕೊಯ್ಯುವ ಮೊದಲು ಚರ್ಮಕ್ಕೆ ಸ್ಪಿರಿಟ್ ಇರುವ ದ್ರಾವಣ ಹಚ್ಚಿದ ಮೇಲೆ ಅದು ತಾನಾಗಿ ಒಣಗಲು ಬಿಡುವುದು, ಓಟಿ ಬಾಗಿಲು ಪದೇಪದೇ ತೆರೆಯದಿರುವುದು, ಇವನ್ನು ಒಮ್ಮೆ ಮಾಡಿ ತೋರಿಸಿದರೆ ಸಾಕು.

ಗಾಯದ ಸೋಂಕು ಎಷ್ಟೋ ಸಲ ಪೇಷೆಂಟ್ ಮನೆಗೆ ಹೋದ ಮೇಲೆಯೇ ಗೊತ್ತಾಗುವುದು. ಸಾಮಾನ್ಯವಾಗಿ 30 ದಿನ, ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ರಾಡ್, ಕೃತಕ ಕೀಲಿನಂಥದ್ದು) ಹಾಕಿದ್ದರೆ 90 ದಿನದವರೆಗೂ ಗಮನಿಸಬೇಕು. ಅದಕ್ಕೆ ಫೋನ್ ಮಾಡಿ ವಿಚಾರಿಸುತ್ತೇವೆ. ಸಿಕ್ಕ ಲೆಕ್ಕವನ್ನು ಆಯಾ ವಾರ್ಡ್‌ನವರಿಗೇ ತೋರಿಸುತ್ತೇವೆ. ಆದರೆ ಹೆಸರು ಹಿಡಿದು ಯಾರನ್ನೂ ಬೈಯುವುದಿಲ್ಲ. ಬೈದರೆ ಮುಂದಿನ ಸಲ ಕೀವು ಕಂಡರೂ ಯಾರೂ ಬರೆದಿಡುವುದಿಲ್ಲ.