ಚೆಕ್ಸ್ ಶರ್ಟು, ಖಾಕಿ ಪ್ಯಾಂಟು

ಮೂರು ವರ್ಷ ನಮ್ಮ ಜಿಲ್ಲೆಯ ಬಾಲ ನ್ಯಾಯ ಮಂಡಳಿಯಲ್ಲಿ ಸದಸ್ಯೆಯಾಗಿದ್ದೆ. ಒಬ್ಬರು ಮ್ಯಾಜಿಸ್ಟ್ರೇಟ್, ಜೊತೆಗೆ ನಮ್ಮಂಥ ಇಬ್ಬರು ಸಮಾಜ ಕಾರ್ಯಕರ್ತರು. ಅಲ್ಲಿ ಎತ್ತರದ ಪೀಠ, ಕಟಕಟೆ ಇರುವಂತಿಲ್ಲ. ಮಗುವನ್ನು ಕರೆತರುವ ಪೊಲೀಸರು ಯೂನಿಫಾರ್ಮ್ ಹಾಕುವಂತಿಲ್ಲ. ನಮ್ಮಲ್ಲಿಗೆ ಬರುತ್ತಿದ್ದವರದು ಮೇಲೆ ಚೆಕ್ಸ್ ಶರ್ಟು, ಕೆಳಗೆ ಅದೇ ಖಾಕಿ ಪ್ಯಾಂಟು, ಕಂದು ಬೂಟು. ಯಾರಿಗೆ ಗೊತ್ತಾಗಲ್ಲ ಹೇಳಿ!

ಒಬ್ಬ ಹುಡುಗ ಇನ್ನೂ ನೆನಪಿದ್ದಾನೆ. ಹೆಸರು, ಊರು ಹೇಳಲು 2015ರ ಬಾಲ ನ್ಯಾಯ ಕಾಯ್ದೆ ಬಿಡುವುದಿಲ್ಲ. ವಯಸ್ಸು ಹದಿನೈದು. ಯಾರದೋ ಬೈಕು ಕದ್ದು, ಪೆಟ್ರೋಲ್ ಮುಗಿಯುವವರೆಗೂ ಓಡಿಸಿ, ಕೆರೆ ಏರಿ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ನಡೆದುಕೊಂಡು ಮನೆಗೆ ಹೋಗಿದ್ದ. ಮ್ಯಾಜಿಸ್ಟ್ರೇಟ್ ಮೇಡಂ ಒಂದು ಲೋಟ ನೀರು ಕೊಡಿಸಿದರು. ಕುಡಿದ. ಖಾಲಿ ಲೋಟವನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಕೊನೆವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

ದೆಹಲಿಯ 2012ರ ನಿರ್ಭಯಾ ಅತ್ಯಾಚಾರ ಪ್ರಕರಣದ ನಂತರ ಕಾಯ್ದೆ ಬಿಗಿಯಾಯಿತು. ಹದಿನಾರು ದಾಟಿದವರು ಘೋರ ಅಪರಾಧ ಮಾಡಿದರೆ ದೊಡ್ಡವರ ಹಾಗೆ ವಿಚಾರಣೆ ಆಗಬಹುದು. ಟಿವಿಯಲ್ಲಿ ಚರ್ಚೆ ಬರೀ ಅದರದ್ದೇ. ನಾನು ನೋಡಿದ ಫೈಲುಗಳಲ್ಲಿ ಜಾಸ್ತಿ ಇದ್ದದ್ದು ಮೊಬೈಲು, ಬೈಕು, ಹೊಡೆದಾಟ.

ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್, ಆ ಹುಡುಗನ ಮನೆಗೆ ಹೋಗಿ ವರದಿ ಬರೆದು ತಂದರು. ಹುಡುಗ ಒಂಬತ್ತನೇ ಕ್ಲಾಸು. ಅಪ್ಪ ಇಲ್ಲ. ದೀಪಾವಳಿ ಆದಮೇಲೆ ಶಾಲೆಗೆ ಹೋಗಿಲ್ಲ, ಗ್ಯಾರೇಜಿನಲ್ಲಿ ಗಾಡಿ ತೊಳೆಯುತ್ತಿದ್ದ. ಬೈಕು ಕದ್ದದ್ದು ಮಾರ್ಚಿನಲ್ಲಿ. ಅಷ್ಟು ತಿಂಗಳು ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತಲೇ ಇತ್ತು. ಯಾಕಪ್ಪಾ ಬರ್ತಿಲ್ಲ ಅಂತ ಶಾಲೆಯಿಂದ ಯಾರೂ ಆ ಮನೆ ಬಾಗಿಲಿಗೆ ಹೋಗಿರಲಿಲ್ಲ. ಕದ್ದಮೇಲೆ ನೋಡಿ, 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರು! ಪೊಲೀಸರು, ವಕೀಲರು, ನಾವು ಮೂವರು, ಎಲ್ಲರೂ ಅವನೊಬ್ಬನಿಗಾಗಿ ಸೇರಿದ್ದೆವು. ಅವತ್ತು ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಂತೂ ಅಲ್ಲ.

ಬುದ್ಧಿ ಹೇಳಿ ತಾಯಿಯ ಜೊತೆ ಕಳಿಸಿದೆವು. ಶಾಲೆಗೆ ಮತ್ತೆ ಸೇರಿಸುವುದು, ಆಗಾಗ ಹೋಗಿ ನೋಡುವುದು ಪರಿವೀಕ್ಷಣಾಧಿಕಾರಿಯ ಜವಾಬ್ದಾರಿ.

ಹೊರಗೆ ಕಾರಿಡಾರಿನಲ್ಲಿ ಆ ತಾಯಿ ನನ್ನ ಸೆರಗು ಹಿಡಿದು ನಿಲ್ಲಿಸಿದರು. "ಮುಂದೆ ಕೆಲಸಕ್ಕೆ ಹೋದಾಗ ಇದು ಅಡ್ಡ ಬರ್ತದಾ ಅಕ್ಕಾ?"

"ಇಲ್ಲಮ್ಮ. ಕೇಸಿನ ಕಾಗದವನ್ನು ಆಮೇಲೆ ನಾಶ ಮಾಡಬೇಕು ಅಂತ ಕಾನೂನೇ ಇದೆ" ಅಂದೆ.

"ಕಾಗದ ಸರಿ ಅಕ್ಕಾ. ನಮ್ಮ ಓಣಿಯವರು?"